ಬರೇ ಗೆರಿ, ಉಳಿದದ್ದೆಲ್ಲ ಖಾಲಿ

ಆ ಚಿತ್ರದಲ್ಲಿ ಏನೂ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಆಗ ಬಾಯಿ ನೋಯುವಷ್ಟು ಹೇಳಿದರೂ ಒಬ್ಬರೂ ನಂಬಲಿಲ್ಲ. ಒಂದು ಹಾಳೆ, ಅದರ ಎಡಬದಿಯಿಂದ ಹೊರಟ ಒಂದು ಕಪ್ಪು ಗೆರೆ. ಅದು ಸ್ವಲ್ಪ ದೂರ ನೆಟ್ಟಗೆ ಹೋಗಿ, ಒಂದೆಡೆ ಬಾಗಿ, ಬರಬರುತ್ತ ಸಣ್ಣಗಾಗಿ, ಬಲಬದಿ ಮುಟ್ಟುವ ಮೊದಲೇ ನಿಂತುಬಿಡುತ್ತಿತ್ತು. ಉಳಿದ ಹಾಳೆಯೆಲ್ಲ ಬಿಳಿ. ಆ ಬಿಳಿ ಕಾಣಲಿ ಅಂತಲೇ ನಾನು ಗೆರೆ ಎಳೆದದ್ದು. ಹೀಗಂದರೆ ಇವತ್ತು ನಾಲ್ಕು ಜನ ತಲೆದೂಗುತ್ತಾರೆ. ಎಪ್ಪತ್ತರ ದಶಕದಲ್ಲಿ, ಕೃಷ್ಣೆಯ ದಂಡೆಯ ಹಳ್ಳಿಯಲ್ಲಿ ಹೀಗಂದವನ ತಲೆ ನೆಟ್ಟಗಿದೆಯೇ ಎಂದು ಕೇಳುತ್ತಿದ್ದರು. ಕೇಳಿದ್ದರೆ ಎಷ್ಟೋ ಚೆನ್ನಾಗಿತ್ತು. ಯಾರೂ ಕೇಳಲಿಲ್ಲ, ಎಲ್ಲರೂ ನಂಬಿಬಿಟ್ಟರು.

ನಾನು ಇಂಡಿ ತಾಲೂಕಿನವನು. ಬಿಜಾಪುರದಲ್ಲಿ ಚಿತ್ರಕಲೆಯ ತರಗತಿಗೆ ಹೋಗಿ, ಪರೀಕ್ಷೆ ಪಾಸಾಗಿ, ದೊಡ್ಡ ಕಲಾವಿದನಾಗುತ್ತೇನೆಂದು ಉದ್ದ ಕೂದಲು ಬಿಟ್ಟುಕೊಂಡು ತಿರುಗಿದವನು. ಕೂದಲು ಬೆಳೆಯಿತು, ಬೇರೇನೂ ಬೆಳೆಯಲಿಲ್ಲ. ಕೊನೆಗೆ ಆಲಮಟ್ಟಿಯ ಕಾಲುವೆ ಕಚೇರಿಯಲ್ಲಿ ಟ್ರೇಸರ್ ಕೆಲಸ ಸಿಕ್ಕಿತು. ಟ್ರೇಸರ್ ಎಂದರೆ ಬೇರೆಯವರು ಪೆನ್ಸಿಲ್ಲಿನಲ್ಲಿ ಬರೆದ ನಕ್ಷೆಯ ಮೇಲೆ ತೆಳು ಬಟ್ಟೆಯ ಹಾಳೆ ಹಾಸಿ, ಶಾಯಿಯಲ್ಲಿ ಅದನ್ನೇ ತಿದ್ದುವವನು. ದಿನವಿಡೀ ಬಾಗಿ ಕೂತು ಇನ್ನೊಬ್ಬನ ಗೆರೆಯ ಮೇಲೆ ಗೆರೆ ಎಳೆಯುವುದು. ಅಲ್ಲಿ ಪ್ರತಿ ಗೆರೆಗೂ ಅರ್ಥವಿತ್ತು: ಇದು ಕಾಲುವೆ, ಇದು ರಸ್ತೆ, ಇದು ಒಡ್ಡು. ಕೂದಲೆಳೆಯಷ್ಟು ಸರಿದರೂ ಡ್ರಾಫ್ಟ್ಸ್‌ಮನ್ ಬ್ಲೇಡು ಕೊಟ್ಟು ಕೆರೆಯಲು ಹೇಳುತ್ತಿದ್ದ. ಸಂಜೆ ಹೊರಗೆ ಬಂದರೆ ವಿದ್ಯುತ್ ತಂತಿ ಕಂಡರೂ ಸಿಟ್ಟು ಬರುತ್ತಿತ್ತು. ಅರ್ಥವೇ ಇಲ್ಲದ ಒಂದು ಗೆರೆ ಎಳೆಯಬೇಕು ಎಂಬ ಆಸೆ ಹುಟ್ಟಿದ್ದು ಹಾಗೆ. ಕಲೆ ಗಿಲೆ ಆಮೇಲಿನ ಮಾತು.

ವಸತಿ ಅಕ್ಕನ ಮನೆಯಲ್ಲಿ. ಅಕ್ಕನನ್ನು ಕೊಟ್ಟ ಊರು ಬಸವನ ಬಾಗೇವಾಡಿ ತಾಲೂಕು ಮುಗಿದು ಮುದ್ದೇಬಿಹಾಳ ತಾಲೂಕು ಹಿಡಿಯುವ ಕಡೆ, ಹೊಳೆಗೆ ಹತ್ತಿರ. ಅಲ್ಲಿಂದ ಸೈಕಲ್ ಮೇಲೆ ಕಚೇರಿಗೆ ಹೋಗಿಬರುತ್ತಿದ್ದೆ. ಮನೆಯಲ್ಲಿ ಅಕ್ಕ, ಅವಳ ಗಂಡ ಅಂದರೆ ನನ್ನ ಮಾವ, ಇಬ್ಬರೇ. ಮಾವ ಮಾತಿಗೆ ಬಡವ, ಕೆಲಸಕ್ಕೆ ಗಟ್ಟಿ. ಅಕ್ಕ ಮಾತ್ರ ನಮ್ಮ ಮನೆತನದವಳೇ, ನಾಲಿಗೆ ಖಾರ. ನನ್ನ ಕೂದಲು ನೋಡಿ, ನಮ್ಮ ಮನೆಗೊಬ್ಬ ಜೋಗಪ್ಪ ಕಡಿಮೆಯಿದ್ದ ನೋಡು ಎಂದು ಓಣಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು. ರೊಟ್ಟಿ ಬಡಿಯುತ್ತ ಬೈಯುವುದು, ಬೈಯುತ್ತಲೇ ಗುರೆಳ್ಳು ಚಟ್ನಿಗೆ ಇನ್ನೊಂದು ಚಮಚ ಎಣ್ಣೆ ಹಾಕುವುದು, ಎರಡೂ ಒಟ್ಟಿಗೆ ನಡೆಯುತ್ತಿದ್ದವು.

ಅವರಿಗೆ ಒಬ್ಬ ಮಗನಿದ್ದ. ನಾನು ಆ ಊರಿಗೆ ಬರುವ ಎಷ್ಟೋ ವರ್ಷ ಮೊದಲೇ, ಮೂರು ವರ್ಷದವನು, ಜ್ವರ ಬಂದು ತೀರಿಕೊಂಡ. ಆಮೇಲೆ ಅಕ್ಕನಿಗೆ ಮಕ್ಕಳಾಗಲಿಲ್ಲ. ನಮ್ಮಲ್ಲಿ ಸುಡುವುದಿಲ್ಲ, ಮಣ್ಣು ಮಾಡುತ್ತೇವೆ. ಹುಟ್ಟಿದಾಗ ಕಟ್ಟಿದ ಲಿಂಗವನ್ನು ಅಂಗೈಯಲ್ಲಿಟ್ಟು, ವಿಭೂತಿ ಹಾಕಿ, ಸ್ವಂತ ಹೊಲದ ಮೂಲೆಯಲ್ಲೇ ಕೂಸನ್ನು ಕೂರಿಸಿ ಮುಚ್ಚಿದ್ದರು. ಮೇಲೊಂದು ಮೊಳಕಾಲೆತ್ತರದ ಕಲ್ಲು. ಅಮಾವಾಸ್ಯೆಗೆ ಅಕ್ಕ ಅಲ್ಲಿಗೆ ಹೋಗಿ ದೀಪ ಹಚ್ಚಿ, ಸುಣ್ಣ ಬಳಿದು, ಸ್ವಲ್ಪ ಹೊತ್ತು ಕೂತು ಮಾತಾಡಿ ಬರುತ್ತಿದ್ದಳು. ಏನು ಮಾತಾಡುತ್ತಿದ್ದಳೋ, ನಾನು ಕೇಳಲು ಹೋಗಲಿಲ್ಲ. ಬಂದ ಮೇಲೆ ಆ ದಿನ ಮಾತ್ರ ಯಾರನ್ನೂ ಬೈಯುತ್ತಿರಲಿಲ್ಲ.

ಆ ಹೊಲ ಊರಿಗೂ ಹೊಳೆಗೂ ನಡುವೆ, ಇಳಿಜಾರಿನಲ್ಲಿತ್ತು. ಹೊಳೆಯ ಕೆಳಗಡೆ ಆಣೆಕಟ್ಟು ಕಟ್ಟಿ ನೀರು ನಿಲ್ಲಿಸಿದರೆ ಹೊಳೆ ಹಿಂದಕ್ಕೆ ಹಿಗ್ಗಿ ಎಲ್ಲಿಯವರೆಗೆ ಬರುತ್ತದೆ ಎಂಬುದು ಆ ವರ್ಷಗಳಲ್ಲಿ ದಂಡೆಯ ಎಲ್ಲ ಊರಿಗೂ ಹತ್ತಿದ ರೋಗ. ನೀರು ನಿಲ್ಲುವ ಅಂಚಿಗೆ ಜನ ‘ಗೆರಿ’ ಎಂದು ಕರೆಯುತ್ತಿದ್ದರು. ಬರಬರುತ್ತ ಆ ಊರುಗಳಲ್ಲಿ ಗೆರೆ ಎಂಬ ಮಾತಿಗೆ ಅದೊಂದೇ ಅರ್ಥ ಉಳಿಯಿತು. ಸಂತೆಯಲ್ಲಿ ಭೇಟಿಯಾದರೆ ಮೊದಲ ಪ್ರಶ್ನೆ, ನಿಮ್ಮೂರಿಗೆ ಗೆರಿ ಬಂತೇನು? ಹೆಣ್ಣು ಕೇಳಲು ಬಂದವರೂ ಹುಡುಗಿಯನ್ನು ನೋಡುವ ಮೊದಲು ಗೆರಿ ಎಲ್ಲಿದೆ ಎಂದು ವಿಚಾರಿಸುತ್ತಿದ್ದರು. ಇನ್ನೊಂದು ಮಾತು ‘ಖಾಲಿ’. ಗೆರೆಯ ಒಳಗೆ ಬಿದ್ದ ಊರು ಖಾಲಿ. ಹೊಲ ಖಾಲಿ. ಯಾರಾದರೂ ಕೊಡ ಖಾಲಿಯಾಗಿದೆ ಎಂದರೂ ಮುದುಕಿಯರು ಎದೆ ಮುಟ್ಟಿಕೊಂಡು ‘ತುಂಬೈತಿ ಅನ್ನವ್ವಾ’ ಎಂದು ತಿದ್ದುತ್ತಿದ್ದರು.

ಅಕ್ಕನಿಗೆ ಮನೆಯ ಚಿಂತೆ ಇರಲಿಲ್ಲ. ಮನೆ ಹೋದರೆ ಇನ್ನೊಂದು ಕಟ್ಟಬಹುದು. ಹೊಲ ಹೋದರೆ ಏನೋ ಕೊಡುತ್ತಾರಂತೆ. ಅವಳಿಗಿದ್ದದ್ದು ಮಗನೊಬ್ಬನ ಚಿಂತೆ. ನೀರು ಬಂದು ಅವನ ಮೇಲೆ ನಿಂತರೆ? ಬದುಕಿದ್ದಾಗ ಹೊಳೆಗೆ ಕರೆದುಕೊಂಡು ಹೋದರೆ ಅವನು ನೀರಿಗೆ ಹೆದರಿ ಅವಳ ಸೀರೆ ಹಿಡಿದು ಚೀರುತ್ತಿದ್ದನಂತೆ. ಇದನ್ನು ಅವಳು ನನಗೆ ಎಷ್ಟು ಸಲ ಹೇಳಿದ್ದಾಳೋ ಲೆಕ್ಕವಿಲ್ಲ. ಹೂವಿನ ಹಿಪ್ಪರಗಿ ಕಡೆಯಿಂದ ಪೂಜೆ ಪುನಸ್ಕಾರಕ್ಕೆ ಬರುತ್ತಿದ್ದ ಜಂಗಮ ಅಯ್ಯನವರನ್ನು ಕೇಳಿದಳು. ಅವರು ಹೇಳಿದ್ದು ಇಷ್ಟು: ಮುಚ್ಚಿದ ಮಣ್ಣು ತೆಗೆಯಬಾರದು, ಸುಮ್ಮಸುಮ್ಮನೆ ತೆಗೆದರೆ ಕೂಸಿಗೆ ನೆಲೆಯಿಲ್ಲ. ಆದರೆ ನೀರು ಬರುವುದು ಖಾತ್ರಿಯಾದರೆ, ಲಿಂಗ ಮತ್ತು ಉಳಿದದ್ದೇನಾದರೂ ಇದ್ದರೆ ಎತ್ತಿ, ಎತ್ತರದ ಜಾಗದಲ್ಲಿ ಮತ್ತೆ ಮಣ್ಣು ಕೊಡಬಹುದು. ಖಾತ್ರಿಯಾಗಬೇಕು, ಅಷ್ಟೇ.

ಆ ಖಾತ್ರಿಯನ್ನು ಎಲ್ಲಿಂದ ತರುವುದು? ಮಾವ ಬಾಗೇವಾಡಿಗೆ ಹೋಗಿ ಕೇಳಿದ, ಮುದ್ದೇಬಿಹಾಳಕ್ಕೂ ಹೋಗಿ ಕೇಳಿದ. ನಿಮ್ಮ ಕಡೆ ಇನ್ನೂ ಅಳತೆ ಆಗಿಲ್ಲ ಎಂಬ ಉತ್ತರ ಬಂತು. ಅದು ನಿಜವೂ ಆಗಿತ್ತು. ಆಗ ಅಕ್ಕ ನನ್ನ ಕಡೆ ತಿರುಗಿದಳು. ದಿನಾ ಶಾಯಿ ಹಚ್ಚಿಕೊಂಡು ಬರುವ ತಮ್ಮ ಮನೆಯಲ್ಲೇ ಇರುವಾಗ ಕಂಡವರ ಕಾಲು ಹಿಡಿಯುವುದೇಕೆ ಎಂದು ಅವಳ ಲೆಕ್ಕ. ನಾನು ತಿದ್ದುವುದು ಎಲ್ಲೋ ದೂರದ ಕಾಲುವೆಯ ತುಂಡು ನಕ್ಷೆ, ನೀರು ನಿಲ್ಲುವ ನಕ್ಷೆ ನನ್ನ ಮೇಜಿಗೆ ಬರುವುದೇ ಇಲ್ಲ ಎಂದು ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

“ಮನಿ ಕೇಳಾಕತ್ತಿಲ್ಲೋ ತಮ್ಮಾ ನಾ. ಅವ ಗೆರಿ ಒಳಗ ಅದಾನೋ, ಹೊರಗ ಅದಾನೋ, ಅಷ್ಟs ಹೇಳು.”

ಗೊತ್ತಿಲ್ಲ ಅಂದೆ. ನಿಜವಾಗಿಯೂ ಗೊತ್ತಿರಲಿಲ್ಲ. ಆದರೆ ಊರಿನಲ್ಲಿ ಆಗಲೇ ಒಂದು ಮಾತು ಹಬ್ಬಿತ್ತು: ಕಚೇರಿಯವರಿಗೆ ಬಾಯಿ ಬಿಡಬಾರದೆಂದು ಆಣೆ ಹಾಕಿಸಿದ್ದಾರೆ, ಹೇಳಿದರೆ ನೌಕರಿ ಹೋಗುತ್ತದೆ. ಹಾಗಾಗಿ ನಾನು ಗೊತ್ತಿಲ್ಲ ಎಂದಷ್ಟೂ ಗೊತ್ತಿದೆ ಎಂಬುದೇ ಗಟ್ಟಿಯಾಯಿತು. ಗಾಳಿಯ ಜೊತೆ ಗುದ್ದಾಡಿ ಮೈ ನೋಯಿಸಿಕೊಂಡೆ. ಒಂದು ದಿನ ರೇಗಿ, ನನ್ನನ್ನು ಮತ್ತೆ ಕೇಳಿದರೆ ಇಂಡಿಗೆ ಹೊರಟುಹೋಗುತ್ತೇನೆ ಎಂದೂ ಕೂಗಾಡಿದೆ. ಅಕ್ಕ ಕೇಳುವುದನ್ನು ಬಿಟ್ಟಳು. ಅದನ್ನೂ ಊರು ತನಗೆ ಬೇಕಾದ ಹಾಗೆ ಅರ್ಥ ಮಾಡಿಕೊಂಡಿತು.

ಆ ಚಿತ್ರ ಬರೆದದ್ದು ಒಂದು ಭಾನುವಾರದ ಮಧ್ಯಾಹ್ನ, ಪಡಸಾಲೆಯಲ್ಲಿ. ಬಿಜಾಪುರದಿಂದ ತಂದಿಟ್ಟುಕೊಂಡಿದ್ದ ದಪ್ಪ ಹಾಳೆ. ಶಾಯಿ ಮಾತ್ರ ನಕ್ಷೆಗೆ ಬಳಸುವಂಥದ್ದೇ, ಒಣಗಿದ ಮೇಲೆ ನೀರು ಬಿದ್ದರೂ ಹರಡದ ಕಪ್ಪು. ಬಹಳ ಹೊತ್ತು ಬರೀ ಹಾಳೆಯನ್ನು ನೋಡುತ್ತ ಕೂತಿದ್ದೆ. ಅಳತೆ ಪಟ್ಟಿ ಮುಟ್ಟಲಿಲ್ಲ. ಬಿದಿರಿನ ಕಡ್ಡಿ ಕೆತ್ತಿ ಅದ್ದಿ, ಉಸಿರು ಹಿಡಿದು ಎಳೆದೆ. ಬಾಗಿಸಬೇಕೆನಿಸಿದಲ್ಲಿ ಬಾಗಿಸಿದೆ, ಸಾಕೆನಿಸಿದಲ್ಲಿ ಎತ್ತಿದೆ. ಗೆರೆ ನಿಂತ ಜಾಗದಿಂದಾಚೆಗೆ ಉಳಿದ ಬಿಳಿಯನ್ನು ನೋಡಿದಾಗ ಮೈ ಜುಮ್ಮೆಂದಿತು. ಅದು ಮೊದಲು ಹಾಳೆಯಾಗಿತ್ತು, ಈಗ ಜಾಗವಾಗಿತ್ತು. ಎಷ್ಟೋ ವರ್ಷಗಳ ಮೇಲೆ ಕೈ ನನ್ನ ಮಾತು ಕೇಳಿತ್ತು. ಖುಷಿಯಿಂದ ಶಿಳ್ಳೆ ಹಾಕಿದೆ, ನಿಜ ಹೇಳುತ್ತೇನೆ.

ಶಿಳ್ಳೆ ಕೇಳಿ ಅಕ್ಕ ಒಳಗಿನಿಂದ ಬಂದಳು. ಹಿಟ್ಟಿನ ಕೈಯನ್ನು ದೂರ ಹಿಡಿದುಕೊಂಡು ಹಾಳೆಯ ಮೇಲೆ ಬಗ್ಗಿದಳು.

“ಏನ ಬರದಿ?”

“ಏನಿಲ್ಲಕ್ಕಾ. ಬರೇ ಗೆರಿ.”

“ಈ ಕಡೆ ಏನೈತಿ?”

“ಅಲ್ಲೇನಿಲ್ಲ. ಖಾಲಿ.”

“ಎಲ್ಲಾ ಖಾಲಿನs?”

“ಎಲ್ಲಾ ಖಾಲಿ. ಅದs ಅದರ ಚೆಂದ.”

ಅವಳು ಚೆಂದ ಎಂಬ ಮಾತಿಗೆ ಒಮ್ಮೆ ನನ್ನನ್ನು ವಿಚಿತ್ರವಾಗಿ ನೋಡಿ ಒಳಗೆ ಹೋದಳು. ನಾನು ಚಿತ್ರವನ್ನು ಗೂಟಕ್ಕೆ ಸಿಕ್ಕಿಸಿ, ದೂರ ಹೋಗಿ ನೋಡುವುದು, ಹತ್ತಿರ ಬಂದು ನೋಡುವುದು, ಇದೇ ಆಟದಲ್ಲಿದ್ದೆ. ಅವಳು ಕೇಳಿದ್ದು ಯಾವ ಗೆರಿ, ನಾನು ಹೇಳಿದ್ದು ಯಾವ ಖಾಲಿ ಎಂಬುದು ಆಗ ತಲೆಗೆ ಹೋಗಲೇ ಇಲ್ಲ. ಚಿತ್ರ ಬರೆದವನಿಗೆ ಚಿತ್ರದ್ದೇ ಧ್ಯಾನ.

ಅದೇ ವಾರ ಸೋದರಮಾವನ ಮನೆಯ ಮದುವೆಗೆಂದು ಇಂಡಿ ಕಡೆ ಹೋದೆ. ತಿರುಗಿ ಬಂದ ದಿನ ಬಾಗೇವಾಡಿಯಲ್ಲಿ ಬಸ್ಸು ಬದಲಿಸಿ, ರಸ್ತೆಯಲ್ಲಿಳಿದು ನಡೆದು ಊರು ಸೇರುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಮನೆಗೆ ಕದ ಹಾಕಿತ್ತು. ತೆಗೆದು ನೋಡಿದರೆ ಗೂಟದಲ್ಲಿ ಚಿತ್ರವಿಲ್ಲ. ಎದುರು ಮನೆಯ ಮುದುಕಿ ಕಟ್ಟೆಯ ಮೇಲೆ ಕಾಳು ಹಸನು ಮಾಡುತ್ತಿದ್ದಳು. ನಿನ್ನ ಗೆರಿ ತಗೊಂಡು ಎಲ್ಲಾರೂ ಹೊಲಕ್ಕೆ ಹೋಗಿದ್ದಾರೆ, ಅಯ್ಯನವರೂ ಬಂದಿದ್ದಾರೆ ಎಂದಳು. ಪುಣ್ಯಾತ್ಮ, ಬಾಯಿ ಬಿಡದಿದ್ದರೂ ಬರೆದು ತೋರಿಸಿದೆ, ನೌಕರಿಗೂ ಕುತ್ತಿಲ್ಲ ಎಂದು ಹರಸಿದಳು. ಕೈಚೀಲ ಅಲ್ಲೇ ಬಿಸಾಕಿ ಓಡಿದೆ.

ಹೊಲದ ಮೂಲೆಯಲ್ಲಿ ಜನ ನಿಂತಿದ್ದರು. ಕಲ್ಲು ಕಿತ್ತು ಪಕ್ಕಕ್ಕೆ ಮಲಗಿಸಿದ್ದರು. ಮಾವ ಮತ್ತು ಅವನ ತಮ್ಮ ಮೊಳಕಾಲಿನವರೆಗೆ ಕುಣಿಯೊಳಗೆ. ಅಯ್ಯನವರು ಬದುವಿನ ಮೇಲೆ ಕೂತು ನನ್ನ ಚಿತ್ರವನ್ನು ತೊಡೆಯ ಮೇಲೆ ಹಾಸಿಕೊಂಡಿದ್ದರು. ಅದನ್ನು ಅಡ್ಡ ಹಿಡಿದು ನೋಡಿ, ಗೆರೆಯ ಬಾಗು ಹೊಳೆಯ ಬಾಗಿಗೆ ಸರಿಹೋಗುವವರೆಗೆ ತಿರುಗಿಸಿ ಇಟ್ಟುಕೊಂಡಿದ್ದಾರೆ! ಹೊಳೆ ಎಲ್ಲಿ ಬಾಗುವುದಿಲ್ಲ ಹೇಳಿ? ಯಾವ ಗೆರೆಯನ್ನು ತಿರುಗಿಸಿದರೂ ಕೃಷ್ಣೆಗೆ ಹೊಂದುತ್ತದೆ. ಗೆರೆಯ ಎರಡೂ ಕಡೆ ಬಿಳಿಯೇ, ಹಾಗಾಗಿ ಹೊಂದಿಸಿದ ಮೇಲೆ ನಮ್ಮ ಹೊಲ ಬಿಳಿಯಲ್ಲೇ ಬಿದ್ದಿತ್ತು, ಅಂದರೆ ಖಾಲಿಯಲ್ಲಿ.

ಏದುಸಿರು ಬಿಡುತ್ತ, ಇದು ನಕ್ಷೆಯಲ್ಲ, ಅಗೆಯುವುದನ್ನು ನಿಲ್ಲಿಸಿ ಎಂದೆ. ಅಯ್ಯನವರು ಶಾಂತವಾಗಿ ಕೇಳಿದರು.

“ಇದನ್ನ ಬರದವರು ನೀವs ಹೌದಲ್ರಿ?”

“ಹೌದ್ರಿ.”

“ಇದು ಗೆರಿ ಹೌದಲ್ರಿ?”

“ಗೆರಿ ಹೌದ್ರಿ, ಆದ್ರ ಆ ಗೆರಿ ಅಲ್ರಿ.”

“ಸಾಕ್ರಿ. ನಿಮ್ಮ ಆಣಿ ನಿಮಗಿರಲಿ, ನಾವು ಕೇಳೂದಿಲ್ಲ.”

ಸುತ್ತ ನಿಂತವರು ತಲೆಯಾಡಿಸಿದರು. ಒಬ್ಬ ಹಿರಿಯ ನನ್ನ ಬೆನ್ನು ಸವರಿ, ಹೆದರಬೇಡ, ಇಲ್ಲಿ ಕಂಡದ್ದನ್ನು ಯಾರೂ ಹೊರಗೆ ಹೇಳುವುದಿಲ್ಲ ಎಂದು ಧೈರ್ಯ ಹೇಳಿದ. ಅವನ ಕೈಯನ್ನು ಕೊಡವಿ ಸರಿಸಿದೆ. ಅಕ್ಕನ ಬಳಿ ಹೋಗಿ, ಅಕ್ಕಾ, ನಾನು ಸುಮ್ಮನೆ ಬರೆದದ್ದು, ಖರೇ ಹೇಳುತ್ತೇನೆ, ಅದು ಚಿತ್ರ ಎಂದೆ. ಅವಳು ನನ್ನನ್ನು ನೋಡಲೂ ಇಲ್ಲ. ಅವಳ ಮಡಿಲಲ್ಲಿ ಕುಪ್ಪಸದ ಹೊಸ ಖಣವಿತ್ತು, ಗಿಳಿ ಹಸಿರಿನದು, ನಮ್ಮವ್ವ ಪಂಚಮಿಗೆ ಕಳಿಸಿದ್ದು. ಮಗನನ್ನು ಅದರಲ್ಲಿ ಕಟ್ಟಿಕೊಂಡು ನೀರು ಮುಟ್ಟದ ಎತ್ತರದ ದಿಬ್ಬಕ್ಕೆ ಒಯ್ಯುವುದೆಂದು ಅದನ್ನು ಬಿಚ್ಚಿ ಹಾಸಿಕೊಂಡು ಕೂತಿದ್ದಳು. ದಿಬ್ಬದ ಮೇಲೆ ಬೆಳಗ್ಗೆಯೇ ಇನ್ನೊಂದು ಸಣ್ಣ ಕುಣಿ ತೋಡಿ ಇಟ್ಟಿದ್ದರು.

ಇನ್ನೇನು ಮಾಡುವುದು? ಮಣ್ಣು ಆಗಲೇ ತೆರೆದಿತ್ತು.

ಎರೆಮಣ್ಣು. ಮೇಲೆ ಬಿರುಕು, ಒಳಗೆ ತಂಪು. ಮೊದಲು ಗುದ್ದಲಿಯಲ್ಲಿ ತೆಗೆದರು, ಆಮೇಲೆ ಗುದ್ದಲಿ ಬಿಟ್ಟು ಕೈಯಲ್ಲಿ. ಎಲುಬು ಸಿಗುತ್ತದೆಂದು ಯಾರೂ ಅಂದುಕೊಂಡಿರಲಿಲ್ಲ, ಅಷ್ಟು ಎಳೆಯ ಜೀವವನ್ನು ಎರೆಮಣ್ಣು ಬಿಡುವುದಿಲ್ಲ. ಆದರೆ ಲಿಂಗ ಎಲ್ಲಿ ಹೋಗುತ್ತದೆ? ಅದು ಕರಗುವುದಲ್ಲ, ಕೊಳೆಯುವುದಲ್ಲ. ಎಲ್ಲರೂ ಅದನ್ನೇ ಹುಡುಕಿದರು. ಅಗೆದ ಹೆಂಟೆಗಳನ್ನು ಒಂದೊಂದಾಗಿ ಒಡೆದು, ಬುಟ್ಟಿಯಲ್ಲಿ ಜಾಲಾಡಿ, ಬೆರಳಲ್ಲಿ ಉಜ್ಜಿ ನೋಡಿದರು. ಎದೆಮಟ್ಟ ಇಳಿದರು. ಕುಣಿಯನ್ನು ಆ ಕಡೆ ಅಗಲ ಮಾಡಿದರು, ಈ ಕಡೆ ಅಗಲ ಮಾಡಿದರು. ವಿಭೂತಿಯ ಬಿಳಿಯ ಒಂದು ಚೂರೂ ಇಲ್ಲ. ತಳದ ಮಣ್ಣು ಗಟ್ಟಿಯಾಗಿತ್ತು, ಯಾವತ್ತೂ ಯಾರೂ ಅಗೆಯದ ಮಣ್ಣು ಎಂದು ನೋಡಿದವರಿಗೆಲ್ಲ ಗೊತ್ತಾಗುತ್ತಿತ್ತು.

ಮಾವ ಕುಣಿಯೊಳಗೇ ನಿಂತು ಬೆವರು ಒರೆಸಿಕೊಂಡ.

“ಮಳಿಗಾಲದಾಗ ಕಲ್ಲ ಬೀಳತಿತ್ತು. ಒಂದೊಂದ ಸಲ ನೀರಿಗೆ ಸರದೂ ಹೋಗತಿತ್ತು. ನಾ ಎತ್ತಿ ನಿಲ್ಲಸತಿದ್ದೆ. ಇಲ್ಲೇ ಅಂತ ತಿಳದು ನಿಲ್ಲಸತಿದ್ದೆ.”

ಇದರಲ್ಲಿ ಅವನದೇನು ತಪ್ಪು? ಎರೆಹೊಲ ಕಂಡವರಿಗೆ ಗೊತ್ತು. ಬೇಸಿಗೆಯಲ್ಲಿ ಕಾಲು ಇಳಿಯುವಷ್ಟು ಬಾಯಿ ಬಿಡುತ್ತದೆ, ಮಳೆಗೆ ಉಬ್ಬುತ್ತದೆ, ಇಳಿಜಾರಿನಲ್ಲಿ ನೀರು ಕೊಚ್ಚಿದರೆ ಬದುವೇ ಜಾಗ ಬಿಡುತ್ತದೆ. ಬಿದ್ದಲ್ಲೇ ಎತ್ತಿ ನಿಲ್ಲಿಸುತ್ತ, ವರ್ಷವರ್ಷವೂ ಚೂರು ಚೂರು ಸರಿದು, ಆ ಕಲ್ಲು ಕೂಸನ್ನು ಎಲ್ಲಿಯೋ ಬಿಟ್ಟು ಬಂದಿತ್ತು. ಅಕ್ಕ ದೀಪ ಹಚ್ಚಿದ್ದು, ಸುಣ್ಣ ಬಳಿದದ್ದು, ಕೂತು ಮಾತಾಡಿದ್ದು ಬರೀ ಹೊಲದ ಜೊತೆ. ಅಯ್ಯನವರ ಮೇಲೆ, ಊರಿನ ಮೇಲೆ, ಆ ಕಲ್ಲಿನ ಮೇಲೆ, ಎಲ್ಲದರ ಮೇಲೂ ಸಿಟ್ಟು ಬಂತು. ಯಾರನ್ನು ಹೊಡೆಯಲಿ?

ಅಕ್ಕ ಅಳಲಿಲ್ಲ. ಖಣದ ಮೇಲಿನ ಧೂಳು ಕೊಡವಿ, ಮೊದಲಿನ ಮಡಿಕೆಗೇ ಮಡಚಿ, ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅಯ್ಯನವರು ಮಂತ್ರ ಹೇಳಿ ವಿಭೂತಿ ಚೆಲ್ಲಿದರು. ಕುಣಿ ಮುಚ್ಚಿದರು. ದಿಬ್ಬದ ಮೇಲಿನದನ್ನೂ ಹಾಗೇ ಮುಚ್ಚಿದರು. ಕಲ್ಲನ್ನು ಎಲ್ಲಿ ನಿಲ್ಲಿಸುವುದೆಂದು ಯಾರಿಗೂ ತಿಳಿಯಲಿಲ್ಲ, ಬದುವಿಗೆ ಒರಗಿಸಿ ಬಂದರು. ಚಿತ್ರವನ್ನು ಮಾವ ಆ ಸಂಜೆ ನೀರು ಕಾಯಿಸುವ ಒಲೆಗೆ ಹಾಕಿದ. ನಾನು ತಡೆಯಲಿಲ್ಲ. ದಪ್ಪ ಹಾಳೆ, ನಿಧಾನವಾಗಿ ಹತ್ತಿಕೊಂಡಿತು.

ಕೆಲವೇ ತಿಂಗಳಲ್ಲಿ ನಮ್ಮ ಕಡೆ ಅಳತೆಯಾಯಿತು. ಸರ್ವೆಯವರು ಬಂದು, ದುರ್ಬೀನಿನಲ್ಲಿ ನೋಡಿ, ನೀರಿನ ಗಡಿಗೆ ಕಲ್ಲು ನೆಟ್ಟರು. ನಮ್ಮ ಹೊಲದಿಂದ ಬಹಳ ಕೆಳಗೆ, ಹೊಳೆಯ ಹತ್ತಿರ. ನೀರು ಎಷ್ಟು ತುಂಬಿದರೂ ಹೊಲಕ್ಕೆ ಬರುವ ಮಾತೇ ಇರಲಿಲ್ಲ. ಊರು ಹಿಗ್ಗಿತು. ನಮ್ಮ ಮನೆಗೂ ಬಂದು, ಬಚಾವಾದಿರಿ, ಚಿನ್ನದಂಥ ಹೊಲ ಉಳಿಯಿತು ಎಂದು ಮಾವನಿಗೆ ಸಕ್ಕರೆ ತಿನ್ನಿಸಿ ಹೋದರು. ನನ್ನ ಗೆರೆ ಸುಳ್ಳಾಯಿತೆಂದು ಒಬ್ಬಿಬ್ಬರು ನಕ್ಕರು ಸಹ. ಸುಡಲಿ ಅವರ ನಗೆ.

ನನಗೆ ಸಿಂದಗಿಗೆ ವರ್ಗವಾಯಿತು. ಹೋಗುವ ಮೊದಲು ಹಿಂಗಾರಿ ಬಿತ್ತನೆಗೆ ಕೈ ಕೊಡಲು ಹೊಲಕ್ಕೆ ಹೋದೆ. ಹದವಾದ ಮಳೆ ಬಿದ್ದು ಎರೆ ಕಪ್ಪಗೆ ಮಲಗಿತ್ತು, ಹುಲ್ಲುಕಡ್ಡಿಯೂ ಇಲ್ಲದ ನೆಲ. ಪ್ರತಿ ವರ್ಷ ಮಾವ ಕೂರಿಗೆ ಹೊಡೆದರೆ ಅಕ್ಕ ಹಿಂದೆ ನಡೆದು ಜೋಳದ ಕಾಳು ಬಿಡುತ್ತಿದ್ದಳು. ಆ ದಿನವೂ ಉಡಿಯಲ್ಲಿ ಕಾಳು ತುಂಬಿಕೊಂಡು ಬಂದಳು. ಬದುವಿನವರೆಗೆ ಬಂದವಳು ಅಲ್ಲೇ ನಿಂತಳು. ಮಾವ ಕರೆದ. ಒಂದು ಕಾಲು ಎತ್ತಿದಳು, ಮತ್ತೆ ಹಿಂದಕ್ಕೆ ತೆಗೆದುಕೊಂಡಳು. ಸ್ವಲ್ಪ ಆಚೆ ಹೋಗಿ ಅಲ್ಲಿ ಕಾಲೆತ್ತಿದಳು, ಅಲ್ಲೂ ಇಡಲಿಲ್ಲ. ನಾನು ಹತ್ತಿರ ಹೋಗಿ ಏನಾಯಿತಕ್ಕಾ ಎಂದೆ.

“ಎಲ್ಲಿ ಕಾಲಿಡ್ಲೋ ತಮ್ಮಾ? ಎಲ್ಲಿ ಅದಾನೋ ಏನೋ.”

ಅವಳ ಉಡಿಯಿಂದ ಕಾಳು ನನ್ನ ಪಂಜೆಗೆ ಸುರಿದುಕೊಂಡು ನಾನೇ ಕೂರಿಗೆಯ ಹಿಂದೆ ನಿಂತೆ. ಅಕ್ಕ ಬದುವಿನ ಮೇಲೆ ಕುಕ್ಕರುಗಾಲಲ್ಲಿ ಕೂತಳು. ಮಾವ ಎತ್ತುಗಳಿಗೆ ಹೇ ಎಂದ. ಕೂರಿಗೆಯ ಕಬ್ಬಿಣದ ಮೊನೆ ಮಣ್ಣಿಗಿಳಿದು ಸರಸರ ಸೀಳುತ್ತ ಹೊರಟಿತು. ಆಗ ಹಿಂದಿನಿಂದ ಅವಳ ದನಿ ಬಂತು, ಮಲಗಿದವರು ಏಳಬಾರದೆಂದು ಮಾತಾಡುವ ದನಿ.

“ರೀ… ಮೆಲ್ಲಕ ಹೊಡೀರಿ.”

ಮಾವ ಎತ್ತುಗಳನ್ನು ನಿಧಾನ ಮಾಡಿದ. ಸಾಲು ಮುಗಿದು ತಿರುಗಿದಾಗ ಅವಳು ಮತ್ತೆ ಅದನ್ನೇ ಹೇಳಿದಳು. ಹೊಲ ದೊಡ್ಡದಿತ್ತು, ಹೊತ್ತು ಮುಳುಗುವವರೆಗೆ ಬಿತ್ತಿದೆವು.